ಎಡತಟ್ಟೆ ಮನೆಯವರು

ನನ್ನ ಕಣ್ಣಿಗೆ ಊರೆಲ್ಲ ಕಳ್ಳರಂತೆ ಕಾಣುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಜೀವನವಿಡೀ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದ ಮನುಷ್ಯ ಅವರು. ಟಿಕೆಟ್ ಕಳೆದುಹೋಯಿತು ಎಂದವರನ್ನೂ ನಂಬಿ ಕೂರಿಸಿಕೊಂಡು ಹೋದವರು. ನನ್ನದು ತಕ್ಕಡಿ ರಿಪೇರಿಯ ಅಂಗಡಿ. ಬರುವವರಲ್ಲಿ ಅರ್ಧ ಜನ ತಕ್ಕಡಿ ಸರಿಹೋಗಲಿ ಎಂದು ತರುತ್ತಾರೆ, ಇನ್ನರ್ಧ ಜನ ಅದು ತಮ್ಮ ಕಡೆಗೆ ಒಂದಿಷ್ಟು ವಾಲಲಿ ಎಂದು ತರುತ್ತಾರೆ. ಎರಡನೆಯವರ ಮಾತೇ ಹೆಚ್ಚು ನಯ. ಅತಿ ವಿನಯಂ ಧೂರ್ತ ಲಕ್ಷಣಂ ಎನ್ನುವುದನ್ನು ನಾನು ಯಾವ ಶಾಲೆಯಲ್ಲೂ ಕಲಿಯಲಿಲ್ಲ, ಈ ಕಟ್ಟೆಯ ಹಿಂದೆ ಕೂತು ಕಲಿತೆ.

ಹಾಗಾಗಿ ಆ ಹುಡುಗ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಾಗಲೇ ನನ್ನ ಕಿವಿ ನೆಟ್ಟಗಾದವು. ತಕ್ಕಡಿ ಅಂಗಡಿಗೆ ಯಾರಾದರೂ ಚಪ್ಪಲಿ ಬಿಟ್ಟು ಬರುತ್ತಾರೆಯೇ? ಬಟ್ಟೆಯಲ್ಲಿ ಸುತ್ತಿದ ಹಳೇ ಕೈತಕ್ಕಡಿಯೊಂದನ್ನು ಕಟ್ಟೆಯ ಮೇಲಿಟ್ಟ. ಏನಾಗಿದೆ ಎಂದರೆ ಗೊತ್ತಿಲ್ಲ ಎಂದ. ಯಾರು ಕಳಿಸಿದರು ಎಂದರೆ ಅಜ್ಜಿ ಎಂದ. ನಾನು ಅದನ್ನು ಕೊಕ್ಕೆಗೆ ನೇತುಹಾಕಿ, ಎಡಗಡೆಯ ತಟ್ಟೆಯಲ್ಲಿ ತೂಕದ ಬಟ್ಟು, ಬಲಗಡೆ ಕಬ್ಬಿಣದ ಗುಂಡುಗಳನ್ನು ಹಾಕಿದೆ. ಮುಳ್ಳು ನೆಟ್ಟಗೆ ನಿಂತಿತು. ಆಮೇಲೆ ನಮ್ಮ ಮನೆಯ ಪದ್ಧತಿಯಂತೆ ಬಟ್ಟನ್ನು ಬಲಕ್ಕೆ, ಗುಂಡುಗಳನ್ನು ಎಡಕ್ಕೆ ಬದಲಿಸಿ ಮತ್ತೊಮ್ಮೆ ತೂಗಿದೆ. ಆಗಲೂ ನೆಟ್ಟಗೆ ನಿಂತಿತು. ತಟ್ಟೆ ಬದಲಿಸಿ ತೂಗಿದಾಗಲೂ ಮುಳ್ಳು ಅಲುಗದಿದ್ದರೆ ಮಾತ್ರ ಆ ತಕ್ಕಡಿ ಸಾಚಾ. ಹೀಗೆ ಪ್ರತಿಸಲವೂ ಎರಡೆರಡು ಬಾರಿ ತೂಗುವ ತಾಳ್ಮೆ ಊರಲ್ಲಿ ಬೇರೆ ಯಾರಿಗೂ ಇಲ್ಲ.

ತಕ್ಕಡಿಗೆ ಏನೂ ಆಗಿರಲಿಲ್ಲ. ಆದರೆ ಅವನು ತಕ್ಕಡಿಯನ್ನು ನೋಡುತ್ತಲೇ ಇರಲಿಲ್ಲ, ನನ್ನ ಕೈಗಳನ್ನು ನೋಡುತ್ತಿದ್ದ. ನಾನು ತಟ್ಟೆ ಬದಲಿಸಿದಾಗ ಅವನ ತುಟಿಯಲ್ಲಿ ಒಂದು ಸಣ್ಣ ನಗು ಬಂದು ಹೋಯಿತು. ಅಂಗಡಿ ಇಲ್ಲಿ ಎಷ್ಟು ವರ್ಷದಿಂದ ಇದೆ ಎಂದು ಕೇಳಿದ. ಅಂಗಡಿಯ ಹಿರಿಯರು, ಎಂದರೆ ನಮ್ಮಪ್ಪ, ಈಗ ಬರುವುದಿಲ್ಲವೇ ಎಂದು ಕೇಳಿದ. ನಮ್ಮದು ಮೂಲೆ ಅಂಗಡಿ, ಎರಡೂ ರಸ್ತೆಗೆ ಬಾಗಿಲಿದೆ, ಇದರ ಮೇಲೆ ಕಣ್ಣು ಹಾಕಿದ ದಲ್ಲಾಳಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಚೆನ್ನಾಗಿರುವ ತಕ್ಕಡಿಯನ್ನು ರಿಪೇರಿಗೆ ತರುವವನು ಬೇರೇನನ್ನೋ ತೂಗಲು ಬಂದಿರುತ್ತಾನೆ. ಸ್ವಲ್ಪ ಕೆಲಸ ಇದೆ, ಬಿಟ್ಟು ಹೋಗಿ, ವಿಳಾಸ ಕೊಡಿ ಎಂದು ಬಾಯಿಗೆ ಬಂದ ಸುಳ್ಳು ಹೇಳಿ ಅವನನ್ನು ಕಳಿಸಿದೆ.

ಸಂಜೆ ಮಗಳು ಕೆಲಸದಿಂದ ಬಂದವಳೇ, ಇವತ್ತು ಒಬ್ಬರು ಬಂದಿದ್ದರಾ ಎಂದು ಕೇಳಿದಳು. ಅವಳು ಔಷಧಿ ಕಾರ್ಖಾನೆಯೊಂದರ ಪರೀಕ್ಷಾ ಕೊಠಡಿಯಲ್ಲಿ ಕೆಲಸ ಮಾಡುತ್ತಾಳೆ. ಆ ಹುಡುಗನೂ ಅಲ್ಲೇ, ಇಬ್ಬರಿಗೂ ಮದುವೆಯಾಗುವ ಮನಸ್ಸು. ಅವರಿಬ್ಬರ ಪರಿಚಯವಾದ ಬಗೆ ಹೀಗೆ: ಮೇಲ್ವಿಚಾರಕರು ಒಂದು ದಿನ ಮನೆಹೆಸರು ಹಿಡಿದು ಕೂಗಿದರಂತೆ, ಇಬ್ಬರೂ ಒಟ್ಟಿಗೆ ಎದ್ದು ನಿಂತರಂತೆ. ಕೂಗಿದ ಹೆಸರು ಎಡತಟ್ಟೆ.

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಒಂದೇ ಮನೆಹೆಸರಿನವರು ಅಣ್ಣ ತಂಗಿ ಲೆಕ್ಕ, ಮದುವೆಯ ಮಾತೇ ಇಲ್ಲ. ಹೆಸರು ಸಾಧಾರಣದ್ದಾಗಿದ್ದರೆ, ಎಲ್ಲೋ ಇಬ್ಬರಿಗೆ ಒಂದೇ ಬಿದ್ದಿದೆ ಎಂದು ಕಣ್ಣುಮುಚ್ಚಬಹುದಿತ್ತು. ಎಡತಟ್ಟೆ ಎನ್ನುವ ಹೆಸರು ಹಾಗೆ ಬೀದಿಯಲ್ಲಿ ಬಿದ್ದು ಸಿಗುವಂಥದ್ದಲ್ಲ. ಶಾಲೆಯಲ್ಲಿ ನನ್ನನ್ನು ‘ಬಲತಟ್ಟೆ ಎಲ್ಲೇ’ ಎಂದು ರೇಗಿಸುತ್ತಿದ್ದರು. ಅಳುತ್ತಾ ಬಂದರೆ ಅಪ್ಪ ತೊಡೆಯ ಮೇಲೆ ಕೂರಿಸಿಕೊಂಡು ಹೆಸರಿನ ಕಥೆ ಹೇಳುತ್ತಿದ್ದರು. ಹಿಂದೆ ದೊಡ್ಡ ಪೇಟೆಯ ಉಗ್ರಾಣದಲ್ಲಿ ವ್ಯಾಪಾರಿಗಳೆಲ್ಲ ಸೇರಿ ಮೋಸದ ತಕ್ಕಡಿ ಇಟ್ಟಿದ್ದರಂತೆ. ನಮ್ಮ ಮೂಲಪುರುಷ ಒಬ್ಬನೇ ಎದೆಗೊಟ್ಟು ನಿಂತು, ಆ ತಕ್ಕಡಿಯ ಎಡತಟ್ಟೆಯನ್ನು ಕಿತ್ತು ತಂದು, ಅದರ ತಳಕ್ಕೆ ಮೆತ್ತಿದ್ದ ಮೇಣವನ್ನು ಪೇಟೆಯ ನಡುವೆ ಎಲ್ಲರಿಗೂ ತೋರಿಸಿದನಂತೆ. ಜನ ಅವನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರಂತೆ. ಅಂದಿನಿಂದ ಎಡತಟ್ಟೆಯವರು. ಈ ಕಥೆಯನ್ನು ಅಪ್ಪ ಗಿರಾಕಿಗಳಿಗೆ ಹೇಳಿದ್ದಾರೆ, ತೂಕದ ಇಲಾಖೆಯವರಿಗೆ ಹೇಳಿದ್ದಾರೆ, ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ಹೇಳಿದ್ದಾರೆ. ಕೊನೆಗೆ ಒಂದು ಮಾತು ಇದ್ದೇ ಇರುತ್ತಿತ್ತು: ಈ ಹೆಸರಿನವರು ಭೂಮಿಯ ಮೇಲೆ ನಾವು ಒಂದೇ ಮನೆ. ಅದಕ್ಕೇ ಒಬ್ಬಳೇ ಮಗಳಾದ ನಾನು ಮದುವೆಯಾದರೂ ಹೆಸರು ಬಿಡಲಿಲ್ಲ. ಮನೆ ಅಳಿಯನಾಗಿ ಬಂದ ಯಜಮಾನರು ತಮ್ಮ ಹೆಸರಿಗಾಗಿ ಜಗಳ ತೆಗೆಯುವ ಜನವಲ್ಲ, ಮಗಳಿಗೂ ಇದೇ ಹೆಸರು ಬಂತು.

ಒಂದೇ ಮನೆ ಎಂದಮೇಲೆ ಇವನೆಲ್ಲಿಂದ ಬಂದ? ಒಂದೋ ಹುಡುಗ ಸುಳ್ಳುಗಾರ, ಇಲ್ಲವೇ ನಮ್ಮ ಮನೆಯಲ್ಲಿ ಏನೋ ಗುಟ್ಟಿದೆ.

ಮಗಳು ಕೂಗಾಡಲಿಲ್ಲ, ಅಳಲಿಲ್ಲ. ಅವನನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗುವುದಿಲ್ಲ ಎಂದಳು. ನೀವು ಬೇಡ ಎಂದರೆ ಓಡಿಹೋಗುವುದೂ ಇಲ್ಲ, ಹೀಗೇ ಇದ್ದುಬಿಡುತ್ತೇನೆ ಎಂದಳು. ಅವಳು ಓಡಿಹೋಗುತ್ತೇನೆ ಎಂದಿದ್ದರೆ ನನಗೆ ಇಷ್ಟು ಭಯವಾಗುತ್ತಿರಲಿಲ್ಲ. ಹೇಳಿದ್ದನ್ನು ಮಾಡುವ ಹುಡುಗಿ ಅವಳು.

ಮರುದಿನ ಬೆಳಿಗ್ಗೆ ಅಪ್ಪ ಅಂಗಡಿಯಲ್ಲಿ ತಮ್ಮ ಮಣೆಯ ಮೇಲೆ ಕೂತು ತಕ್ಕಡಿಯ ದಂಡಿಗೆಯೊಂದಕ್ಕೆ ಅರ ಉಜ್ಜುತ್ತಿದ್ದರು. ಎಂಬತ್ತು ದಾಟಿದರೂ ಕೈ ನಡುಗುವುದಿಲ್ಲ. ನಾನು ಲೋಕಾಭಿರಾಮವಾಗಿ ಎನ್ನುವಂತೆ, ಮಗಳ ಆಫೀಸಿನಲ್ಲಿ ನಮ್ಮದೇ ಹೆಸರಿನ ಹುಡುಗನೊಬ್ಬ ಇದ್ದಾನಂತೆ, ಅವಳು ಅವನನ್ನೇ ಮದುವೆಯಾಗುತ್ತಾಳಂತೆ ಎಂದೆ. ಅರ ನಿಂತಿತು. “ಆ ಹುಡುಗನ ಅಜ್ಜಿ ಇದಾಳಾ?” ಎಂದರು.

ಅಜ್ಜಿಯ ಸುದ್ದಿಯನ್ನು ನಾನು ಎತ್ತಿಯೇ ಇರಲಿಲ್ಲ. ಹುಡುಗ ಬಂದು ಹೋದಾಗ ಅಪ್ಪ ಮನೆಯಲ್ಲಿದ್ದರು. ಯಾರಾದರೂ ಹುಡುಗನ ಅಪ್ಪ ಏನು ಮಾಡುತ್ತಾನೆ ಎಂದು ಕೇಳುತ್ತಾರೆ, ಅಮ್ಮ ಹೇಗೆ ಎಂದು ಕೇಳುತ್ತಾರೆ. ನೇರವಾಗಿ ಅಜ್ಜಿಗೇ ಹೋಗುವುದೆಂದರೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಯಾವ ಅಜ್ಜಿ ಎಂದು ನಾನು ತಿರುಗಿ ಕೇಳಿದೆ. ಅಪ್ಪ, ಈ ಮದುವೆ ಆಗಕೂಡದು ಎಂದಷ್ಟೇ ಹೇಳಿ ಅರವನ್ನು ಪೆಟ್ಟಿಗೆಗೆ ಹಾಕಿ, ಹೊತ್ತಲ್ಲದ ಹೊತ್ತಿನಲ್ಲಿ ಮನೆಗೆ ಹೋಗಿ ಮಲಗಿಬಿಟ್ಟರು.

ಅಲ್ಲಿಂದ ನನ್ನ ತಲೆಯಲ್ಲಿ ಹುಳ ಹೊಕ್ಕಿತು. ಪ್ರಾಯದಲ್ಲಿ ಅಪ್ಪ ಪೆಟ್ಟಿಗೆ ಹೊತ್ತು ಪೇಟೆಯಿಂದ ಪೇಟೆಗೆ ತಕ್ಕಡಿ ರಿಪೇರಿಗೆ ಹೋಗುತ್ತಿದ್ದರು, ವಾರಗಟ್ಟಲೆ ಬರುತ್ತಿರಲಿಲ್ಲ. ಅಮ್ಮ ಬಾಗಿಲಲ್ಲಿ ಕಾಯುತ್ತಿದ್ದದ್ದು ನನಗೆ ನೆನಪಿದೆ. ಆ ಪೇಟೆಗಳಲ್ಲಿ ಎಲ್ಲೋ ಇನ್ನೊಂದು ಬಾಗಿಲಿತ್ತೇ? ಅಲ್ಲೂ ಒಬ್ಬಳು ಕಾಯುತ್ತಿದ್ದಳೇ? ಹಾಗಿದ್ದರೆ ಆ ಹುಡುಗ ಅಪ್ಪನ ಮೊಮ್ಮಗನೇ ಆದ, ನನ್ನ ಮಗಳೂ ಇದೇ ಹೆಸರಿನವಳಾದ್ದರಿಂದ ಸೋದರತ್ತೆ ಮಗಳ ಲೆಕ್ಕವೂ ನಡೆಯದೆ ಅವಳಿಗೆ ಅಣ್ಣನಾದ.  ಸತ್ತುಹೋದ ಅಮ್ಮನ ಪರವಾಗಿಯೂ ನಾನೇ ಸಿಟ್ಟುಮಾಡಿಕೊಂಡೆ.

ಯಜಮಾನರಿಗೆ ಹೇಳಿದರೆ ಅವರು ನಕ್ಕರು. “ಮಾವನೋರಿಗೆ ಎರಡು ಸಂಸಾರನಾ? ಇರೋ ಒಂದು ಸಂಸಾರದ ಜೊತೆಗೇ ದಿನಕ್ಕೆ ನಾಲ್ಕು ಮಾತಾಡಲ್ಲ ಆ ಮನುಷ್ಯ,” ಎಂದರು. ಗುಮ್ಮನಗುಸುಕರೇ ಇಂಥ ಕೆಲಸ ಮಾಡುವುದು ಎಂದು ನಾನು ಹೇಳಿದೆ. ಅಂದಿನಿಂದ ಅಪ್ಪನಿಗೆ ಊಟ ಬಡಿಸುವಾಗಲೂ ಅವರ ಮುಖವನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಅವರೂ ನನ್ನ ಕಣ್ಣು ತಪ್ಪಿಸುತ್ತಿದ್ದರು. ಮಗಳು ಯಾರನ್ನೂ ನೋಡದೆ ಉಂಡು ಏಳುತ್ತಿದ್ದಳು.

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ, ಹೋಗಿ ನೋಡಿಯೇಬಿಡೋಣ ಎಂದು ಒಂದು ದಿನ ಆ ಕೈತಕ್ಕಡಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ವಿಳಾಸ ಊರಿನ ಇನ್ನೊಂದು ಕೊನೆಯದು. ಇಕ್ಕಟ್ಟಾದ ರಸ್ತೆಯಲ್ಲಿ ಮೊಳೆ, ತಿರುಪು, ತಂತಿ, ಬಾಗಿಲಿನ ಕೀಲು ಮಾರುವ ಸಣ್ಣ ಅಂಗಡಿ. ಒಳಗೆ ಎಣ್ಣೆ ಮತ್ತು ಕಬ್ಬಿಣದ ವಾಸನೆ. ಎತ್ತರದ ಸ್ಟೂಲಿನ ಮೇಲೆ ಒಬ್ಬ ಮುದುಕಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಹುಡುಗನ ತಂದೆ ತಾಯಿ ಅವನು ಚಿಕ್ಕವನಿದ್ದಾಗಲೇ ಹೋಗಿಬಿಟ್ಟರು, ಅಜ್ಜಿಯೇ ಈ ಅಂಗಡಿ ನಡೆಸಿ ಸಾಕಿದಳು ಎಂದು ಮಗಳು ಹೇಳಿದ್ದಳು.

ಒಬ್ಬ ಬಡಗಿ ಮೊಳೆ ಕೇಳುತ್ತ ನಿಂತಿದ್ದ. ನಾನು ತಂತಿಯ ಸುರುಳಿಗಳ ಮರೆಯಲ್ಲಿ ನಿಂತುಕೊಂಡೆ. ಮುದುಕಿ ಎಡತಟ್ಟೆಯಲ್ಲಿ ಬಟ್ಟು, ಬಲತಟ್ಟೆಯಲ್ಲಿ ಮೊಳೆ ಹಾಕಿ ತೂಗಿದಳು. ಮುಳ್ಳು ನಿಂತಿತು. ಆಮೇಲೆ ಎರಡೂ ತಟ್ಟೆ ಬರಿದು ಮಾಡಿ, ಮೊಳೆಯನ್ನು ಎಡಕ್ಕೆ, ಬಟ್ಟನ್ನು ಬಲಕ್ಕೆ ಹಾಕಿ ಮತ್ತೆ ತೂಗಿದಳು. ಬಡಗಿ ಬೀಡಿ ಹಚ್ಚಿಕೊಂಡು ಕಾಯುತ್ತಿದ್ದ, ಅವನಿಗೆ ರೂಢಿಯಾಗಿತ್ತೆಂದು ಕಾಣುತ್ತದೆ.  ಮೊಳೆ ಮಾರಲು ಎರಡು ಸಲ ತೂಗುವ ಹುಚ್ಚರು ನಮ್ಮ ಮನೆಯವರ ಹೊರತು ಬೇರೆ ಯಾರಿದ್ದಾರೆ? ಇದನ್ನು ನೋಡಿ ಕಲಿಯಲು ಆಗುವುದಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು, ಮರೆತಾಗಲೆಲ್ಲ ಬೆರಳ ಗೆಣ್ಣಿಗೆ ಹೊಡೆದು ಕಲಿಸಬೇಕು. ನನಗೆ ಕಲಿಸಿದ್ದು ಅಪ್ಪ. ಇವಳಿಗೆ ಕಲಿಸಿದ್ದು ಯಾರು?

ಬಡಗಿ ಹೋದಮೇಲೆ ನಾನು ಎದುರಿಗೆ ಹೋಗಿ ತಕ್ಕಡಿಯನ್ನು ಅವಳ ಮುಂದೆ ಇಟ್ಟೆ. ಅವಳು ತಕ್ಕಡಿಯನ್ನು ಬಿಟ್ಟು ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದಳು. ನಾನು ಯಾರೆಂದು ಹೇಳುವ ಅಗತ್ಯ ಬೀಳಲಿಲ್ಲ. ಬಂದ ಸಿಟ್ಟಿಗೆ ನಯವಾದ ಮಾತೂ ಹೊಳೆಯಲಿಲ್ಲ.

“ನಮ್ಮಪ್ಪ ನಿಮಗೆ ಏನಾಗ್ಬೇಕು?” ಎಂದು ಕೇಳಿಬಿಟ್ಟೆ.

ಅವಳು ನಕ್ಕಳು. ಹಲ್ಲಿಲ್ಲದ ಬಾಯಿ, ಆದರೆ ನಗುವಿನಲ್ಲಿ ಕೊಂಕಿರಲಿಲ್ಲ. “ನೀನು ಏನಂದ್ಕೊಂಡು ಬಂದಿದೀಯಾ ಅಂತ ನಿನ್ನ ಮುಖದ ಮೇಲೇ ಬರೆದಿದೆ. ಅದಲ್ಲ ಮಗಳೇ. ಕೂತ್ಕೋ,” ಎಂದಳು. ಮಗಳೇ ಎಂದದ್ದಕ್ಕೆ ನನಗೆ ಇನ್ನಷ್ಟು ಅನುಮಾನ ಬಂತು. ಕೂತೆ, ಆದರೆ ಚೀಲವನ್ನು ಮಡಿಲಿಂದ ಕೆಳಗಿಡಲಿಲ್ಲ.

ಅವಳು ಹೇಳಿದ್ದು ಇಷ್ಟು. ನಾನು ತಾತ ಎಂದು ಕರೆಯುವವರಿಗೆ ಇದ್ದದ್ದು ಒಂದೇ ಮಗು, ಇವಳು. ತಾಯಿಯಿಲ್ಲದ ಮಗಳನ್ನು ಅವರು ಅಂಗಡಿಯ ಮಣೆಯ ಪಕ್ಕದಲ್ಲೇ ಬೆಳೆಸಿ ಅರ ಹಿಡಿಯುವುದನ್ನೂ ಸೀಸ ಎರೆಯುವುದನ್ನೂ ಕಲಿಸಿದರು. ನನ್ನ ಅಪ್ಪ ಯಾರ ಮಗನೋ. ಉಗ್ರಾಣದ ಹತ್ತಿರ ತಿರುಗಾಡುತ್ತಿದ್ದ ಅನಾಥ ಹುಡುಗ, ಕೆಲಸಕ್ಕೆಂದು ಬಂದು ಅಲ್ಲೇ ಉಳಿದವನು. ಇಬ್ಬರೂ ದೊಡ್ಡವರಾದರು. ಒಂದು ದಿನ ತಾತ ಊರಿನ ನಾಲ್ಕು ಜನರನ್ನು ಕರೆಸಿ, ಗಂಡಾದವನಿಗೆ ಅಂಗಡಿ ಇರಲಿ, ಇವನು ಇನ್ನುಮುಂದೆ ನನ್ನ ಮಗ, ಎಡತಟ್ಟೆಯವನು ಎಂದು ಆ ಹುಡುಗನನ್ನು ಮಣೆಯ ಮೇಲೆ ಕೂರಿಸಿದರು. ಮಗಳನ್ನು ಒಂದು ಮಾತೂ ಕೇಳಲಿಲ್ಲ.

“ಕೆಲಸ ನನಗೆ ಕಲಿಸಿದ, ಹೆಸರು ಅವನಿಗೆ ಕೊಟ್ಟ. ನನಗೆ ಮೈಯೆಲ್ಲ ಉರಿದುಹೋಯ್ತು. ಅಷ್ಟೂ ಜನರ ಮುಂದೆ, ಇವನು ನನಗೆ ತಮ್ಮ ಅಲ್ಲ, ಕೂಲಿಯವನು ಅಂದೆ. ಅವನು ತಲೆ ತಗ್ಗಿಸ್ಕೊಂಡು ನಿಂತಿದ್ದ. ಅವತ್ತೇ ಮನೆ ಬಿಟ್ಟೆ,” ಎಂದಳು ಮುದುಕಿ. ಆಮೇಲೆ ಮದುವೆಯಾದರೂ ಹಟಕ್ಕೆ ಬಿದ್ದು ತನ್ನ ಹೆಸರನ್ನೇ ಇಟ್ಟುಕೊಂಡಳು, ಮಗನಿಗೂ ಮೊಮ್ಮಗನಿಗೂ ಅದನ್ನೇ ಕೊಟ್ಟಳು. ತಾತ ಸತ್ತಾಗಲೂ ಹೋಗಲಿಲ್ಲ.

ನಾನು ಉಸಿರು ಬಿಟ್ಟೆ. ಅಪ್ಪನ ಮೇಲೆ ಹೊರಿಸಿದ್ದ ಹೊರೆಯೆಲ್ಲ ಒಮ್ಮೆಗೇ ಇಳಿದುಹೋಯಿತು, ನಾಚಿಕೆಯೂ ಆಯಿತು, ಆದರೆ ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಅಪ್ಪ ಈ ಮನೆಯ ರಕ್ತವಲ್ಲ ಎಂದಮೇಲೆ ನನ್ನ ಮಗಳಿಗೂ ಈ ಹುಡುಗನಿಗೂ ಏನು ಸಂಬಂಧ? ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ ಎಂದುಕೊಂಡೆ. ಹಾಗಾದರೆ ಮದುವೆಗೆ ಅಡ್ಡಿಯೇ ಇಲ್ಲವಲ್ಲ ಎಂದೆ.

ಮುದುಕಿಯ ಮುಖ ಗಟ್ಟಿಯಾಯಿತು. ಅಡ್ಡಿ ಇದೆ ಎಂದಳು. ನಿಮ್ಮ ಹೆಸರಿನ ಕಥೆ ನಿನಗೆ ಗೊತ್ತಿದೆಯಾ ಎಂದು ಕೇಳಿದಳು. ನಾನು ಗೊತ್ತಿಲ್ಲದೆ ಏನು ಎಂದು ಮೂಲಪುರುಷ, ಉಗ್ರಾಣ, ಮೆರವಣಿಗೆ ಎಲ್ಲ ಹೇಳಿದೆ. ಅದನ್ನೇ ನನ್ನ ಮಗಳು ಹುಡುಗನಿಗೂ ಹೇಳಿದ್ದಳಂತೆ, ಅವನು ಬಂದು ಅಜ್ಜಿಗೆ ಹೇಳಿದ್ದನಂತೆ. ಕೇಳಿದ ಕೂಡಲೇ ಇದು ತನ್ನಪ್ಪ ಅಂದು ನನ್ನ ಅಪ್ಪನಿಗೆ ಹೇಳಿದ ಕಥೆ ಎಂದು ಅವಳಿಗೆ ತಿಳಿಯಿತು. ಆದರೂ ಖಾತ್ರಿಗೆಂದು, ಎರಡು ಸಲ ತೂಗುತ್ತಾರಾ ನೋಡಿಕೊಂಡು ಬಾ ಎಂದು ತಕ್ಕಡಿ ಕೊಟ್ಟು ಕಳಿಸಿದಳು. ಅನುಮಾನದಲ್ಲಿ ನನಗೂ ಅವಳಿಗೂ ಹೆಚ್ಚು ಕಡಿಮೆ ಏನಿರಲಿಲ್ಲ.

“ಅದು ಹೊರಗಿನವರಿಗೆ ಹೇಳೋ ಕಥೆ,” ಎಂದಳು. “ಮನೆಯವರ ಕಥೆ ಬೇರೆ.”

ತಟ್ಟೆಯ ತಳಕ್ಕೆ ಮೇಣ ಮೆತ್ತಿದವನೇ ನಮ್ಮ ಮೂಲಪುರುಷ. ಉಗ್ರಾಣದ ತೂಕದಾಳು. ಬಡವರ ಕಾಳಿನಲ್ಲಿ ವರ್ಷಗಟ್ಟಲೆ ಹಿಡಿಹಿಡಿ ತಿಂದವನು. ಸಿಕ್ಕಿಬಿದ್ದ ದಿನ ಜನ ಆ ಎಡತಟ್ಟೆಯನ್ನು ಕಿತ್ತು, ಅವನ ಕೊರಳಿಗೆ ನೇತುಹಾಕಿ ಪೇಟೆಯೆಲ್ಲ ನಡೆಸಿದರು. ಮೆರವಣಿಗೆ ಆದದ್ದು ನಿಜ, ಹೆಗಲ ಮೇಲಲ್ಲ. ಎಡತಟ್ಟೆ ಎನ್ನುವುದು ಬೈಗುಳ. ಬೇರೆಯವರಾಗಿದ್ದರೆ ಊರು ಬಿಟ್ಟು ಹೆಸರು ಬದಲಿಸುತ್ತಿದ್ದರು. ಅವನ ಮಗ ಅಲ್ಲೇ ಕೂತ. ಅದೇ ಬೈಗುಳವನ್ನು ಹಲಗೆಯ ಮೇಲೆ ಬರೆಸಿ, ಪ್ರತಿಯೊಂದನ್ನೂ ಎಲ್ಲರ ಕಣ್ಣೆದುರು ತಟ್ಟೆ ಬದಲಿಸಿ ಎರಡು ಸಲ ತೂಗತೊಡಗಿದ. ಎರಡು ತಲೆಮಾರು ಕಳೆಯುವಷ್ಟರಲ್ಲಿ ಜನಕ್ಕೆ ಬೈಗುಳ ಮರೆತು, ಎಡತಟ್ಟೆಯವರ ತಕ್ಕಡಿಯೆಂದರೆ ಕಣ್ಣುಮುಚ್ಚಿ ನಂಬುವಂತಾಯಿತು. ಮನೆಯ ಮಕ್ಕಳು ಮಣೆಯ ಮೇಲೆ ಕೂರುವ ಮೊದಲು ಈ ಕಥೆಯನ್ನು ಕೇಳಬೇಕು. ಹೆಸರು ಹೇಳಿಕೊಂಡು ಮೆರೆಯಬಾರದು ಎಂದು. ಹೊರಗಿನವರಿಗೆ ಮಾತ್ರ ಹೆಗಲ ಮೇಲಿನ ಮೆರವಣಿಗೆ.

 ಅಪ್ಪ ತಾಳ ತಪ್ಪದೆ ಹಾಡುತ್ತಿದ್ದ ಆ ಕಥೆ, ಅವರ ಎದೆ ಉಬ್ಬುತ್ತಿದ್ದ ರೀತಿ, ಎಲ್ಲ ಕಣ್ಣ ಮುಂದೆ ಬಂತು. ತಾತ ಅಪ್ಪನಿಗೆ ಯಾಕೆ ನಿಜ ಹೇಳಲಿಲ್ಲ ಎಂದೆ.

“ನನ್ನಿಂದ,” ಎಂದಳು. “ಹುಟ್ಟಿದ ಮಗಳು ಒಪ್ಪದೆ ಕಥೆ ಹೇಳಲ್ಲ, ಅವಳು ಬರಲಿ, ಅವಳೇ ಹೇಳಲಿ ಅಂತ ಕಾಯ್ತಾ ಕೂತನಂತೆ. ನಾನು ಹೋಗಲೇ ಇಲ್ಲ. ನಮ್ಮಪ್ಪ ಮಾಡಿದ್ದು ತಪ್ಪು. ಆದ್ರೆ ಆ ಹುಡುಗ ಏನು ಮಾಡಿದ್ದ ಪಾಪ? ಈಗ ನಿನಗೆ ಹೇಳಿದೀನಿ ಅಂದ್ರೆ ಅರ್ಥ ಮಾಡ್ಕೋ. ಒಪ್ಪಿದೀನಿ. ಅವನು ನನ್ನ ತಮ್ಮ. ನೀನು ಮನೆಮಗಳು, ಮಕ್ಕಳಿಬ್ಬರೂ ಒಂದೇ ಮನೆ, ಒಂದೇ ಹೆಸರು. ಹಾಗಿದ್ಮೇಲೆ ನಿನ್ನ ಮಗಳಿಗೂ ನನ್ನ ಮೊಮ್ಮಗನಿಗೂ ಹೇಗೆ ಮದುವೆ ಮಾಡಲಿ?”

ರಕ್ತ ಬೇರೆಯಲ್ಲವೇ ಎಂದು ನಾನು ಗೋಗರೆದೆ. ರಕ್ತದ ಲೆಕ್ಕ ಹಿಡಿದೇ ಹಿಂದೆ ಹಾಳಾದದ್ದು ಎಂದಳು. ನಮ್ಮಪ್ಪ ನಿಮ್ಮ ತಮ್ಮನಲ್ಲ ಎಂದು ಒಂದು ಮಾತು ನೀವು ಹೇಳಿದರೆ ಮಕ್ಕಳ ಬಾಳು ನೇರವಾಗುತ್ತದೆ ಎಂದೆ. ಅದೇ ಮಾತನ್ನು ಎರಡನೇ ಸಲ ಆಡಿಸಬೇಡ, ಸತ್ತರೂ ಆಡುವುದಿಲ್ಲ ಎಂದು ಅವಳು ಮುಖ ತಿರುಗಿಸಿದಳು. ಕೆಟ್ಟವರ ಜೊತೆ ಜಗಳವಾಡಿ ಗೆಲ್ಲಬಹುದು. ಒಳ್ಳೆಯತನಕ್ಕೆ ಬಿದ್ದ ಹಟಮಾರಿ ಮುದುಕಿಯ ಜೊತೆ ಯಾರು ಏಗುತ್ತಾರೆ?

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಯಾರು, ಎಲ್ಲಿಂದ ಬಂದರು ಎಂದು ನನಗೆ ಗೊತ್ತಾಯಿತು ಎಂದಾಗ ತಲೆ ತಗ್ಗಿಸಿದರು. ಮೇಣದ ಕಥೆ ಹೇಳಲಿಲ್ಲ. ಅವಳು ತಮ್ಮ ಎಂದಳು ಎಂದಾಗ ಮಾತ್ರ ಅಪ್ಪ ತಲೆ ಎತ್ತಿದರು. “ತಮ್ಮ ಅಂದ್ಲಾ? ಅವಳ ಬಾಯಲ್ಲೇ?” ಎಂದರು. ಹೌದು ಎಂದೆ. ಇನ್ನೊಂದು ಸಲ ಹೇಳು ಎಂದರು. ಹೇಳಿದೆ. ಎಂಬತ್ತರ ಮುದುಕ, ಮಗುವಿನ ಹಾಗೆ ಬಾಯಿ ಅಗಲಿಸಿ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಅವರು ಅಷ್ಟು ನಕ್ಕಿದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಒಳಗಿನ ಕೋಣೆಯಲ್ಲಿ ಮಗಳು ಕಪಾಟು ಹಾಕಿದ ಸದ್ದು ಕೇಳಿತು. ಅಪ್ಪ ಆ ಕಡೆ ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಗು ನಿಧಾನವಾಗಿ ಇಳಿದುಹೋಯಿತು. ಹಾಗಾದರೆ ಮದುವೆ ಎಂದು ಕೇಳಿದರು. ಇಲ್ಲವಂತೆ ಎಂದೆ.

ಮರುದಿನ ಬೆಳಿಗ್ಗೆ ಒಗೆದ ಅಂಗಿ ಹಾಕಿಕೊಂಡು, ನಡಿ ಎಂದರು. ಏನು ಮಾಡಲು ಹೊರಟಿದ್ದಾರೆ ಎಂದು ಕೇಳಿದರೆ ಹೇಳಲಿಲ್ಲ. ಅಕ್ಕ ಒಪ್ಪಿದ ಖುಷಿಯಲ್ಲಿ ಮೊಮ್ಮಗಳನ್ನು ಮರೆತುಬಿಟ್ಟರೇ ಎಂದು ದಾರಿಯುದ್ದಕ್ಕೂ ನನಗೆ ಅನುಮಾನ. ಬಸ್ಸಿನಲ್ಲಿ ಅವರು ಕೂದಲು ಬಾಚಿಕೊಂಡದ್ದನ್ನು ನೋಡಿ ಅನುಮಾನ ಇನ್ನೂ ಬಲವಾಯಿತು.

ಮೊಳೆ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಮುದುಕಿ ಸ್ಟೂಲಿನಿಂದ ಇಳಿದು ಕಟ್ಟೆ ಹಿಡಿದುಕೊಂಡು ಬಾಗಿಲ ತನಕ ಬಂದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. 

“ಬಾ ತಮ್ಮಾ. ಒಳಗೆ ಬಾ. ನಿನಗೊಂದು ಕಥೆ ಹೇಳೋದಿದೆ,” ಎಂದಳು.

ಅಪ್ಪ ಚಪ್ಪಲಿ ಬಿಟ್ಟರು, ಆದರೆ ಹೊಸಿಲು ದಾಟಲಿಲ್ಲ. ಎರಡೂ ಕೈಗಳನ್ನು ಹೊಟ್ಟೆಯ ಮೇಲೆ ಕಟ್ಟಿಕೊಂಡು ಸ್ವಲ್ಪ ಬಗ್ಗಿ ನಿಂತರು. ಯಾರ ಎದುರಿಗೂ ಅವರು ಹಾಗೆ ನಿಂತದ್ದನ್ನು ನಾನು ಕಂಡಿಲ್ಲ.

“ಕಥೆ ಬೇಡ ಅಮ್ಮಾವ್ರೇ,” ಎಂದರು.

ಮುದುಕಿ ಬೆಚ್ಚಿದಳು. “ಯಾರೋ ಅಮ್ಮಾವ್ರು? ಅಕ್ಕ ಅನ್ನೋ,” ಎಂದಳು.

“ನಾನು ನಿಮ್ಮಪ್ಪನ ಅಂಗಡೀಲಿ ಕೆಲಸಕ್ಕಿದ್ದೋನು, ಅಮ್ಮಾವ್ರೇ. ಅನ್ನ ಹಾಕಿದ್ರು, ಕೆಲಸ ಕಲಿಸಿದ್ರು. ಅಷ್ಟೇ. ನೀವು ಅವತ್ತು ಹೇಳಿದ ಮಾತೇ ಸರಿ. ನಾನು ನಿಮ್ಮ ತಮ್ಮ ಅಲ್ಲ. ಮೊಮ್ಮಗಳ ವಿಷಯ ಮಾತಾಡೋಕೆ ಬಂದೆ.”

ರಸ್ತೆಯಲ್ಲಿ ಯಾರೋ ಗಾಡಿ ತಳ್ಳಿಕೊಂಡು ಹೋದರು. ಮುದುಕಿ ಕಣ್ಣಿಂದ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಅಪ್ಪ ಕಣ್ಣು ತಗ್ಗಿಸಿಯೇ ನಿಂತಿದ್ದರು. ನನಗೆ ಅವರ ಕೈ ಹಿಡಿದು ಎಳೆದುಕೊಂಡು ಮನೆಗೆ ಹೋಗಬೇಕು ಎನ್ನಿಸಿತು, ಮದುವೆಯೂ ಬೇಡ ಏನೂ ಬೇಡ ಎನ್ನಿಸಿತು. ಆದರೆ ಮಗಳ ಮುಖ ನೆನಪಾಗಿ ಬಾಯಿ ಮುಚ್ಚಿಕೊಂಡು ನಿಂತೆ.

ಕೊನೆಗೆ ಮುದುಕಿ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಸೆರಗು ಸರಿಮಾಡಿಕೊಂಡು, ಕೈಮುಗಿದಳು.

“ಹಾಗಾದ್ರೆ ಒಳಗೆ ಬನ್ನಿ, ಬೀಗರೇ,” ಎಂದಳು.

ಅಪ್ಪನೂ ಕೈಮುಗಿದು ಒಳಗೆ ಹೋದರು. ಆಮೇಲೆ ಎಲ್ಲ ಬೀಗರು ಬೀಗರು ಆಡುವ ಮಾತುಗಳೇ. ದಿನ ಯಾವುದು, ಎಷ್ಟು ಜನ, ಹುಡುಗಿ ಕೆಲಸ ಬಿಡಬೇಕಿಲ್ಲ, ಇಂಥವು. ಬನ್ನಿ, ಹೋಗಿ, ತಗೊಳ್ಳಿ ಎಂದು ಇಬ್ಬರೂ ಬಹುವಚನ ಬಿಟ್ಟು ಕೆಳಗಿಳಿಯಲಿಲ್ಲ. ಮುದುಕಿ ನೀರು ಕೊಟ್ಟಾಗ ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಅಪ್ಪ ಕಿಟಕಿಯ ಪಕ್ಕ ಕೂತು ಬಹಳ ಹೊತ್ತು ಹೊರಗೇ ನೋಡುತ್ತಿದ್ದರು. ಮೂರ್ನಾಲ್ಕು ನಿಲ್ದಾಣ ದಾಟಿದ ಮೇಲೆ, ನನ್ನ ಕಡೆ ತಿರುಗದೆ, “ಅಕ್ಕ ನಿನಗೆ ಹೇಳಿದ್ಲಾ, ಹೆಸರಿನ ಕಥೆ?” ಎಂದರು.

ಹೇಳಿದರು ಎಂದೆ.

“ನಿಮ್ಮ ತಾತ, ಯಜಮಾನ್ರು, ನನಗೆ ಅಂತ ಬೇರೆ ಏನೋ ಕಟ್ಟಿ ಹೇಳಿದ್ರೇನೋ ಅಂತ ನನಗೆ ಮೊದಲಿಂದ ಒಂದು ಅನುಮಾನ. ಹೊರಗಿನೋನಲ್ವಾ,” ಎಂದರು.

“ಇಲ್ಲಪ್ಪ,” ಎಂದೆ. “ನೀವು ಹೇಳೋದೇ ಕಥೆ. ಒಂದಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ.”

ಅಪ್ಪ ನನ್ನ ಮುಖವನ್ನು ನೋಡಿದರು. ನಾನು ಕಣ್ಣು ತಪ್ಪಿಸಲಿಲ್ಲ. “ಹಾಗಾದ್ರೆ ನನಗೂ ಮಗನಿಗೆ ಹೇಳಿದ ಹಾಗೇ ಹೇಳಿದಾರೆ,” ಎಂದು ತಲೆಯಾಡಿಸಿದರು.